ಗ್ವಾದಲ್ಯಾಗಿನ ಗೊಂಬಿ

ಬರ್ರಿ, ಬಂದು ಕುಂದರ್ರಿ. ಕೌದಿ ಮ್ಯಾಲ ಕುಂತ್ರೂ ನಡೀತೈತಿ, ಆದ್ರ ಮೊದಲ ಕೈಯಾಡಿಸಿ ನೋಡ್ರಿ, ಎಲ್ಲೆರೆ ಸೂಜಿ ಉಳದಿದ್ದೀತು. ಹೋದ ಸಲ ನೋಡದ ಕುಂತ ಬೀಗರು ಇನ್ನೂ ನಮ್ಮನಿ ಕಡೆ ಹಾಯ್ದಿಲ್ಲ. ನಮ್ಮ ಮನ್ಯಾಗ ಹುಡುಗೂರು ಕತ್ತರಿ ಹಿಡಕೊಂಡು ಏನರೆ ಮಾಡಾಕ ಕುಂತ್ರ, ದೊಡ್ಡವರದು ಏನರೆ ಒಂದು ತುಂಡಾಗೂದು ಮೊದಲಿಂದ ನಡಕೊಂಡ ಬಂದೈತಿ. ಒಮ್ಮೆ ಚಪ್ಪಲಿ, ಒಮ್ಮೆ ಮಾನ, ಕಡೀಕ ಮನೀನ. ಒಂದೊಂದ ಹೇಳತೀನಿ. ನಗೂ ಕಡೆ ನೀವು ನಗ್ರಿ, ಉಳದ ಕಡೆ ನಾ ನಗತೀನಿ.

ಖಾಲಿ ಗ್ವಾದಲಿ

ನಮ್ಮದು ಚಿಕ್ಕೋಡಿ ಹತ್ತರ ಕರೋಶ್ಯಾಗ ಹಳೀ ಮಣ್ಣಿನ ಮನಿ. ತಲಬಾಗಲ ದಾಟಿದ ಕೂಡಲೇ ದನ ಕಟ್ಟೂ ಜಾಗಾ, ಅದನ್ನ ದಾಟಿದ್ರ ಪಡಸಾಲಿ. ಎರಡಕ್ಕೂ ನಡುವ ಅಡ್ಡಕ್ಕ, ಎತ್ತಿಗೆ ಮೇವು ಹಾಕಾಕ ನಮ್ಮ ಮನಿಯವರು ಕೈಯಾರೆ ಕಟ್ಟಿದ ಉದ್ದನ್ನ ಗ್ವಾದಲಿ. ಅವರು ತೀರಿಕೊಂಡ ಮುಂದಿನ ವರ್ಷ ಹಿರೀಮಗ ಚಿಕ್ಕೋಡಿ ಸಂತ್ಯಾಗ ಎತ್ತು ಮಾರಿ ಟ್ರ್ಯಾಕ್ಟರ್ ತಂದ. ದುಡಿದು ದುಡಿದು ಮುದಿ ಆದ ಜೀವ ಅಂತ ಆಮ್ಯಾಲ ಆ ಮನ್ಯಾಗ ನಾನೊಬ್ಬಾಕಿನ ಉಳದೆ. ನನಗ ಆ ಸಂತ್ಯಾಗ ಗಿರಾಕಿ ಇರಲಿಲ್ಲ.

ಗ್ವಾದಲಿ ಒಡದು ಗೊಬ್ಬರ ಚೀಲ ಹಚ್ಚತೀನಿ ಅಂದ ಹಿರೀಮಗ. ಬ್ಯಾಡ, ನಾ ಅಲ್ಲಿ ಟಿ.ವಿ. ಇಡತೀನಿ ಅಂದ ಸಣ್ಣಮಗ. ಟಿ.ವಿ. ಇನ್ನೂ ತಂದಿರಲಿಲ್ಲ. ಇಬ್ಬರೂ ಜಗಳಾಡೂದ್ರಾಗ ನಾ ಹೋಗಿ ಅದರಾಗ ನನ್ನ ಚಿಂದಿ ಗಂಟು ಇಟ್ಟಬಿಟ್ಟೆ. ಹಿರೀಮಗನ ಮಗಳು, ಸಣ್ಣಮಗನ ಮಗ, ಎರಡೂ ಆಗ ಸಾಲಿಗೆ ಹೋಗೂ ಹುಡುಗೂರು. ಅವರ ಅವ್ವಂದ್ರಿಗೆ ಮಾತ್ರ ಒಬ್ಬರ ಮಾರಿ ಒಬ್ಬರು ಕಂಡ್ರ ಆಗತಿರಲಿಲ್ಲ. ಆಕಿ ಕೂಸು ಈಕಿ ಒಲಿ ಕಡೆ ಹೋಗಂಗಿಲ್ಲ, ಈಕಿ ಕೂಸು ಆಕಿ ಹಾಸಿಗಿ ಮ್ಯಾಲ ಕುಂದರಂಗಿಲ್ಲ. ಇಬ್ಬರೂ ಕೂಡಿ ಕುಂದರಾಕ ಉಳದದ್ದು ಆ ಗ್ವಾದಲಿ ಒಂದ. ಏನ ಬಿಟ್ರೂ ಅದನ್ನ ಬಿಡೂದಿಲ್ಲಂತ ನಾ ಹಠ ಹಿಡದೆ.

ಇಟ್ಟಂಗಿ ಅಡ್ಡ ಇಟ್ಟು ಒಂದೊಂದ ಸಾಮಾನಿಗೆ ಒಂದೊಂದ ಖಾನಿ ಮಾಡಿದ್ವಿ. ಒಂದ್ರಾಗ ಜೋಳದ ದಂಟಿನ ಬೆಂಡು, ಒಂದ್ರಾಗ ಚಿಂದಿ ಅರಿವಿ, ಒಂದ್ರಾಗ ಖಾಲಿ ಕಡ್ಡಿಪೆಟಗಿ, ಒಂದ್ರಾಗ ಬಳಿಚೂರು, ತುದೀಗೆ ಕಬ್ಬಿಣದ ಮೊಳಿ, ತಂತಿ. ಕತ್ತರಿ, ಸೂಜಿ ಗ್ವಾಡ್ಯಾಗಿನ ಮಾಡದಾಗ. ಎತ್ತಿನ ಹಗ್ಗ ಕಟ್ಟೂ ಗೂಟಕ್ಕ ಮಾಡಿ ಮುಗಿಸಿದ್ದನ್ನ ತೂಗಹಾಕೂದು. ಯಾವ ಖಾನ್ಯಾಗಿಂದ ತಗದದ್ದು ಆ ಖಾನಿಗೇ ಹೋಗಬೇಕು, ಇಲ್ಲಂದ್ರ ಮರುದಿನ ಕತ್ತರಿ ಇಲ್ಲ. ಇದು ಕಾಯದೆ.

ಒಂದಿನ ಹಿರೀಮಗನ ಟ್ರ್ಯಾಕ್ಟರ್ ಕೀಲಿ ಕಳೀತು. ಹೆಂಡತಿಗೆ ಬೈದ, ತಮ್ಮಗ ಬೈದ, ಓಣ್ಯಾಗಿನ ನಾಯಿಗೂ ಬೈದ. ಮೊಮ್ಮಗ ಬಂದು ಕಬ್ಬಿಣದ ಖಾನ್ಯಾಗಿಂದ ತಗದು ಕೊಟ್ಟ. "ದೊಡ್ಡಪ್ಪಾ, ಇದು ಅಂಗಳದಾಗ ಬಿದ್ದಿತ್ತು. ಕಬ್ಬಿಣ ಅಂತ ಇಲ್ಲಿಟ್ಟಿದ್ದೆ." ಅವತ್ತಿಂದ ಇಡೀ ಮನ್ಯಾಗ ಇಟ್ಟ ಸಾಮಾನು ಸಿಗೂ ಜಾಗಾ ಎತ್ತಿನ ಗ್ವಾದಲಿ ಒಂದ ಅಂತ ಎಲ್ಲಾರೂ ಒಪ್ಪಿದ್ರು.

ಬಳಿಚೂರು

ಮೊಮ್ಮಗಳಿಗೆ ಬಾಗಲಕ್ಕ ಬಳಿಚೂರಿನ ತೋರಣ ಮಾಡೂ ಹುಚ್ಚು ಹತ್ತಿತು. ಚೂರು ದೀಪದ ಉರಿಗೆ ಹಿಡದು ಬಗ್ಗಿಸಿ, ಒಂದಕ್ಕೊಂದು ಕೊಂಡಿ ಹಾಕೂದು. ಬಳೆಗಾರನ ಹತ್ತರ ಬೇಡಿ ತಂದ್ಲು, ಓಣ್ಯಾಗ ಮನಿ ಮನಿ ತಿರುಗಿ ತಂದ್ಲು. ನನ್ನ ಹಸರ ಬಳಿ ಒಡದ ದಿನದ ಚೂರು ನಾ ಅರಿವ್ಯಾಗ ಕಟ್ಟಿ ಇಟ್ಟಿದ್ದೆ, ಅವನ್ನೂ ಕೊಟ್ಟೆ. ಗಂಟಿನಾಗ ಇದ್ದು ಏನ ಮಾಡತಾವ, ಬಾಗಲದಾಗರೆ ಮಿಂಚಲಿ ಅಂತ. ಬಣ್ಣ ಬಣ್ಣ ಬ್ಯಾರೆ ಮಾಡಾಕ ಎಲ್ಲಾ ಚೂರು ಹೊಸ್ತಿಲ ಹತ್ತರ ಸುರುವಿ ಕುಂತಿದ್ವಿ. ಮೊಮ್ಮಗಳು ನೀರು ಕುಡ್ಯಾಕ ಎದ್ದು ಹೋದ್ಲು. ನಾ ಒಬ್ಬಾಕಿ ತಲಿ ಬಗ್ಗಿಸಿ ಕುಂತಿದ್ದೆ.

ಅಷ್ಟರಾಗ ಸಣ್ಣಸೊಸಿ ತಾಯಿ, ನಮ್ಮ ಬೀಗತಿ, ಜುಗೂಳಿಂದ ಬಂದ್ಲು. ಹೊಸ್ತಿಲದಾಗ ರಾಶಿ ಬಳಿಚೂರು, ಮಗ್ಗಲದಾಗ ತಲಿ ಬಗ್ಗಿಸಿದ ನಾನು. ಯಾರ ಮನ್ಯಾಗ ಬಳಿ ಒಡೀತಾರ, ಯಾಕ ಒಡೀತಾರ ಅನ್ನೂದು ಯಾವ ಹೆಂಗಸಿಗೆ ಗೊತ್ತಿಲ್ಲ? ಕೈಯಾಗಿನ ಗಂಟು ಒಗದು, ಎದಿ ಬಡಕೊಂಡು, ರಾಗ ಎತ್ತಿ ಹಾಡ್ಯಾಡಿ ಅಳಾಕ ಚಾಲೂ ಮಾಡಿದ್ಲು.

"ಹುಲಿಯಂಥಾ ನನ್ನ ಅಳಿಯಾ, ಗಿಡ್ಡ ಇದ್ರೂ ಗಟ್ಟಿ ಇದ್ಯೆಲ್ಲೋ... ದೀಪಾವಳಿಗೆ ಈ ಅತ್ತಿಗೊಂದು ಸೀರಿ ತರತೀನಂದಿ, ತರದ ಹೋದ್ಯೆಲ್ಲೋ... ನಾ ಕೊಟ್ಟ ಗಡಿಯಾರ ಕಟಗೊಂಡ ಹೋದ್ಯೇನೋ, ಬಿಚ್ಚಿಟ್ಟ ಹೋದ್ಯೇನೋ..."

ನಾ ಬಾಯಿ ತಗಿಯೂದ್ರಾಗ ಓಣಿ ಮಂದಿ ಕೂಡಿತು. ಇಬ್ಬರು ಮುದುಕ್ಯಾರು ಏನೂ ಕೇಳದ ಕುಂತು ಆಕಿ ಅಳೂ ರಾಗಕ್ಕ ಸೋ ಅಂತ ದನಿ ಕೂಡಸಾಕ ಹತ್ತಿದ್ರು. ಒಳಗ ಉಣ್ಣಾಕ ಕುಂತಿದ್ದ ಸಣ್ಣಮಗ ರೊಟ್ಟಿ ಕೈಯಾಗ ಹಿಡಕೊಂಡ ಹೊರಗ ಬಂದು ನಿಂತ. ಬೀಗತಿ ರಾಗ ನಡುವ ತುಂಡಾತು.

"ಅತ್ತಿ, ಗಡಿಯಾರ ಕೈಯಾಗ ಐತ್ರಿ," ಅಂದ ಅಳಿಯ.

ಬೀಗತಿ ಕಣ್ಣ ಒರಸಿಕೊಂಡ್ಲು, ಸೆರಗ ಸರಿ ಮಾಡಿಕೊಂಡ್ಲು. "ಹಂಗಾರ ಸೀರಿ ಯಾವಾಗಪಾ?" ಅಂದ್ಲು.

ಚೀಟಿಯಂವನ ಚಪ್ಪಲಿ

ನಮ್ಮ ಕಡೆ ಕಬ್ಬು ಬೆಳದವರಿಗೆ ದೇವರ ಸಮನಾದ ಮನಶ್ಯಾ ಅಂದ್ರ ಸಕ್ಕರಿ ಫ್ಯಾಕ್ಟರಿ ಚೀಟಿ ಕೊಡಾಂವ. ಯಾರ ಕಬ್ಬು ಮೊದಲ ಕಡೀಬೇಕು, ಯಾರದು ನಿಂತಲ್ಲೇ ಒಣಗಬೇಕು ಅನ್ನೂದು ಆವನ ಕಿಸೆದಾಗ ಇರತೈತಿ. ಆವ ಒಮ್ಮೆ ನಮ್ಮನಿಗೆ ಉಣ್ಣಾಕ ಬಂದ. ಬಂದ ಕೂಡಲೇ ಹಿರೀಮಗ ತಾನ ಬೀಸಣಿಕಿ ಹಿಡಕೊಂಡು ಗಾಳಿ ಹಾಕಿದ. ಅವ್ವಗ ಜ್ವರಾ ಬಂದಾಗ ಆ ಬೀಸಣಿಕಿ ಎಲ್ಲಿತ್ತೋ ಏನೋ.

ಮೊಮ್ಮಗ ಅದೇ ದಿನ ಬೆಂಡಿನ ಟ್ರ್ಯಾಕ್ಟರ್ ಮಾಡಾಕ ಹತ್ತಿದ್ದ. ಎಲ್ಲಾ ಆಗಿತ್ತು, ಗಾಲಿ ಬಾಕಿ. ನಮ್ಮ ಕಡೆ ಹುಡುಗೂರು ಗಾಲಿ ಮಾಡೂದು ಹರಕ ರಬ್ಬರ್ ಚಪ್ಪಲಿ ಕೊಯ್ದು. ನಮ್ಮ ಮನ್ಯಾಗಿನ ಚಪ್ಪಲಿ ಎಲ್ಲಾ ಸವದು ಹಪ್ಪಳ ಆಗಿದ್ದುವು, ಗಾಲಿ ಕೊರದ್ರ ಮುರೀತಿದ್ದುವು. ಬಾಗಲದಾಗ ದಪ್ಪನ್ನ ಹೊಸಾ ಜೋಡಿ ಕಂಡ್ವು. ಯಾರವು ಅಂತ ಕೇಳೂದು ಖಾನಿ ಕಾಯದೆದಾಗ ಇರಲಿಲ್ಲ.

ಚೀಟಿಯಂವ ಹೋಳಿಗಿ ಮ್ಯಾಲ ಹೋಳಿಗಿ ಉಂಡು, ತೇಗಿ, ಹೊರಗ ಬಂದ. ಬಲಗಾಲಿಂದು ಐತಿ, ಎಡಗಾಲಿಂದಕ್ಕ ನಾಕು ತೂತು. ಹಿರೀಮಗನ ಮಾರಿ ಬೂದಿ ಆತು. ಮೊಮ್ಮಗ ಅಂಜಲಿಲ್ಲ. "ಸಾಹೇಬ್ರ, ಒಂದ ಸಾಕಾತ್ರಿ, ಇನ್ನೊಂದು ಹಂಗ ಇಟ್ಟೀನ್ರಿ," ಅಂದ.

ಅವತ್ತ ಚೀಟಿಯಂವ ಹಿರೀಮಗನ ಚಪ್ಪಲಿ ಹಾಕ್ಕೊಂಡ ಹೋದ. ಆ ವರ್ಷ ನಮ್ಮ ಕಬ್ಬಿಗೆ ಚೀಟಿ ಬಂದದ್ದು ಊರಾಗಿನ ಎಲ್ಲಾರದೂ ಮುಗದ ಮ್ಯಾಲ. ಹೂ ಬಿಟ್ಟು, ಒಣಗಿ, ಸೊರಗಿ ಕಟಿಗಿ ಆಗಿತ್ತು. ಹಿರೀಮಗ ಗ್ವಾದಲಿ ಒಡ್ಯಾಕ ಗುದ್ದಲಿ ತಂದ. ನಾ ಒಳಗ ಹತ್ತಿ ಕುಂತೆ.

"ಮೊದಲ ನನ್ನ ಮ್ಯಾಲ ಹಾಕಪಾ," ಅಂದೆ.

ಗುದ್ದಲಿ ಇಳಿಸಿದ. ಆದ್ರ ಆ ಬೆಂಡಿನ ಟ್ರ್ಯಾಕ್ಟರ್ ಕಡೆ ನೋಡಿ ಒಂದ ಮಾತ ಖರೇನ ಹೇಳಿದ: "ಇದು ಒಂದ ಹನಿ ಎಣ್ಣಿ ಕುಡೀದ ನನ್ನ ಇಡೀ ಹೊಲ ಹೊಡೀತು."

ಗೊಂಬಿ ಜಗಳ

ಮುಂದಿನ ಮಳಗಾಲದಾಗ ಹುಡುಗೂರು ಚಿಂದಿ ಗೊಂಬಿ ಮಾಡಿದ್ರು. ಹಿರೀಸೊಸಿ ಹೂವಿನ ಸೀರಿ ಚಿಂದಿದು ಒಂದು, ಸಣ್ಣಸೊಸಿ ಪಟ್ಟಾ ಪಟ್ಟಿ ಸೀರಿದು ಒಂದು. ನನ್ನ ಬಿಳೀ ಸೀರಿ ಸೆರಗಿಂದು ಇನ್ನೊಂದು, ಅದಕ್ಕ ಬೆನ್ನು ಬಗ್ಗಿಸಿ ಹೊಲದಿದ್ರು. ಗ್ವಾದಲಿ ದಂಡಿ ಮ್ಯಾಲ ನಿಲ್ಲಿಸಿ ಆಟ ಹೂಡಿದ್ರು. ನಾ ಅಲ್ಲೇ ಕೌದಿ ಹೊಲಕೊಂತ ಕುಂತಿದ್ದೆ.

ಮೊಮ್ಮಗಳು ಹೂವಿನ ಗೊಂಬಿ ಕುಣಿಸಿ, ಬರೋಬರಿ ತನ್ನವ್ವನ ಧ್ವನಿ ತಗದ್ಲು. ಸೊಂಟದ ಮ್ಯಾಲ ಕೈ ಇಟ್ಟು ಮೂಗ ಮುರಿಯೂದು ಸುದ್ದಾ ಬಿಡಲಿಲ್ಲ. ಅದನ್ನ ಕೇಳಿ ಸಣ್ಣಸೊಸಿ ಒಲಿ ಬಿಟ್ಟು ಬಂದು ಬಾಗಲದಾಗ ನಿಂತು ಸೆರಗ ಬಾಯಿಗೆ ಹಿಡಕೊಂಡು ನಕ್ಕಳು. ಆಮ್ಯಾಲ ಮೊಮ್ಮಗ ಪಟ್ಟಿ ಗೊಂಬಿ ಮಾತಾಡಿಸಿದ. ಈ ಸಲ ಹಿರೀಸೊಸಿ ಈ ಕಡೆ ಬಾಗಲಿಗೆ ಬಂದು ನಕ್ಕಳು. ಇಬ್ಬರೂ ಹಿಂಗ ಎದುರಾಬದುರು ನಿಂತು ನಕ್ಕದ್ದು ನಾ ಮೊದಲ ಕಂಡದ್ದು. ಚಲೋ ಅನಸ್ತು. ಅಷ್ಟರಾಗ ಹೂವಿನ ಗೊಂಬಿ ಅಂತು:

"ಬಾವಿ ಕಡಿನ ಹೊಲ ಬೇಕಂದ್ರ ಮುದುಕೀನ್ನೂ ನೀನ ಇಟಗೋ."

"ನಾ ಯಾಕ ಇಟಗೋಲಿ? ಟ್ರ್ಯಾಕ್ಟರ್ ನಿಮಗ ಹೋಗೇತಿ. ಮುದುಕಿ ಟ್ರ್ಯಾಕ್ಟರ್ ಸಂಗಾಟ ಬರತಾಳ."

"ಹಂಗಾರ ಆರ ತಿಂಗಳ ನಿನ್ನ ಕಡೆ, ಆರ ತಿಂಗಳ ನನ್ನ ಕಡೆ."

"ಮಳಗಾಲದಾಗ ನನ್ನ ಕಡೆ ಬ್ಯಾಡ. ಕೆಮ್ಮತಾಳ."

ಎರಡೂ ಬಾಗಲದಾಗಿನ ನಗಿ ನಿಂತಿತು. ಸೊಸ್ತ್ಯಾರು ಒಬ್ಬರ ಮಾರಿ ಒಬ್ಬರು ನೋಡಿದ್ರು, ಆಮ್ಯಾಲ ನನ್ನ ನೋಡಿದ್ರು, ಆಮ್ಯಾಲ ಒಲಿ ನೋಡಾಕ ಹೋದ್ರು. ಮಕ್ಕಳು ಪಾಲಾಗಾಕ ಹತ್ಯಾರಂತ ನನಗ ಹೇಳಿದವರು ಮಕ್ಕಳಲ್ಲ, ಪಂಚರಲ್ಲ, ಚಿಂದಿ ಗೊಂಬಿ.

ಮೊಮ್ಮಗಳು ಬಿಳೀ ಗೊಂಬಿ ಕೈಯಾಗ ಹಿಡಕೊಂಡು ನನ್ನ ಕೇಳಿದ್ಲು, "ಆಯಿ, ಈಕಿನ್ನ ಯಾವ ಕಡೆ ಇಡೂದು? ಇನ್ನೂ ನಿಕ್ಕಿ ಆಗಿಲ್ಲ."

"ನಿಕ್ಕಿ ಆಗೂತನಕ ಗ್ವಾದಲ್ಯಾಗ ಇಡವಾ," ಅಂದೆ. "ಅಲ್ಲೆರೆ ಮೇವು ಸಿಕ್ಕೀತು."

ಗ್ವಾಡಿ ಮ್ಯಾಲಿನ ಎತ್ತು

ಪಂಚರು ಬಂದ್ರು, ಹಗ್ಗ ಹಿಡದ್ರು. ತಲಬಾಗಲದಿಂದ ಹಿತ್ತಲತನಕ ಮನಿ ನಡುವ ಗ್ವಾಡಿ ಅಂತ ಆತು. ಹಗ್ಗ ನೇರ ಗ್ವಾದಲಿ ನಡುವ ಹಾದು ಹೋತು. ಅದೊಂದ ಬಿಡ್ರಪಾ, ಹುಡುಗೂರು ಕೂಡಿ ಕುಂದರೂ ಜಾಗಾ ಅಂದೆ. ಒಂದ ಗ್ವಾದಲಿಗಾಗಿ ಗ್ವಾಡಿ ಸೊಟ್ಟ ಕಟ್ಟಾಕ ಬರೂದಿಲ್ಲ ಆಯಿ ಅಂದ್ರು.

ಅತ್ತ ಗ್ವಾಡಿ ಏರಕೊಂತ ನಡದಿತ್ತು, ಇತ್ತ ಸಾಮಾನು ಪಾಲಾಗಾಕ ಹತ್ತಿದ್ವು. ಎಲ್ಲಾ ಸಮಾ ಸಮಾ ಆಗಬೇಕಂತ ಇಬ್ಬರದೂ ಹಠ. ಬೀಸೂ ಕಲ್ಲಿನ ಮ್ಯಾಲಿನ ಕಲ್ಲು ಹಿರ್ಯಾಗ, ಕೆಳಗಿಂದು ಸಣ್ಣಾಂವಗ. ನಿಚ್ಚಣಿಕಿ ಒಂದ ಇತ್ತು, ಗರಗಸದಿಂದ ಕೊಯ್ದ್ರು. ಆಮ್ಯಾಲ ಇಬ್ಬರ ತುಂಡೂ ಮಾಳಗಿ ಮುಟ್ಟಲಿಲ್ಲ. ಗ್ವಾದಲಿ ಮ್ಯಾಲ ಹುಡುಗೂರು ಮಣ್ಣೆತ್ತಿನ ಅಮಾಸಿಗೆ ಮಾಡಿದ ಜೋಡಿ ಮಣ್ಣೆತ್ತು ಒಣಗಾಕ ಇಟ್ಟಿದ್ವು, ಹಳ್ಳದ ಮಣ್ಣಿನವು, ಕೋಡಿಗೆ ಗೊಂಡೆ ಕಟ್ಟಿದವು. ಅವೂ ಪಾಲಾದ್ವು. ಆ ಮನಿಗೊಂದು, ಈ ಮನಿಗೊಂದು.

ಮರುದಿನ ಅಮಾಸಿ. ಒಂಟಿ ಎತ್ತಿಗೆ ಪೂಜಿ ಮಾಡಾಕ ಬರೂದಿಲ್ಲ, ಜೋಡೀನ ಬೇಕು. ಕುಂಬಾರನ ಎತ್ತು ಮುಂಜಾನೇನ ತೀರಿದ್ದುವು. ಹಿರೀಮಗ ತಾನ ಮಣ್ಣ ಕಲಸಿ ಕುಂತ, ಸೊಂಡಿ ಇಲ್ಲದ ಆನಿ ಹುಟ್ಟಿತು. ಸಣ್ಣಮಗ ಆ ಕಡೆ ಕುಂತ, ಕೋಡಿದ್ದ ಹಂದಿ ಹುಟ್ಟಿತು. ಸೊಸ್ತ್ಯಾರು ಇಬ್ಬರೂ ಹುಡುಗೂರಿಗೆ ಗಂಟ ಬಿದ್ರು. ನಾವು ಜೋಡಿ ಮಾಡಿ ಕೊಟ್ಟೇವಿ, ಮುರದವರು ನೀವು ಅಂದ್ವು ಹುಡುಗೂರು. ನನ್ನ ಕಡೆ ಬಂದ್ರು. ನಾ ಅರ್ಧಾ ಅವರ ಪಾಲು, ಅರ್ಧಾ ಇವರ ಪಾಲು. ಒಂದೊಂದ ಕೈಯಿಂದ ಎತ್ತು ಆಗೂದಿಲ್ಲ ಅಂದೆ.

ನಿಪ್ಪಾಣಿ ಆಚಿ ಕಡಿಂದ ಬಂದ ಮರಾಠಿ ಗೌಂಡಿ ಗ್ವಾಡಿಯನ್ನ ಎದಿಮಟ ಏರಿಸಿದ್ದ. ಅಮಾಸಿ ಅಂತ ಅವತ್ತ ಕೆಲಸಕ್ಕ ಬಂದಿರಲಿಲ್ಲ. ನಾವು ಅತ್ತಿತ್ತ ನೋಡೂದ್ರಾಗ ಹುಡುಗೂರು ಆ ಕಡಿಂದ ಒಂದು, ಈ ಕಡಿಂದ ಒಂದು ಎತ್ತು ತಂದು, ಗ್ವಾದಲಿ ನೆತ್ತಿಗೆ ಗ್ವಾಡಿ ಮ್ಯಾಲ ಜೋಡಿ ಮಾಡಿ ನಿಲ್ಲಿಸಿ, ಬೆಂಡಿನ ನೊಗ ಹೂಡಿದ್ವು.

ಮತ್ತೇನ ಮಾಡತಾರ? ಹಿರೀಸೊಸಿ ಈ ಕಡಿಂದ ಆರತಿ ತಂದ್ಲು, ಸಣ್ಣಸೊಸಿ ಆ ಕಡಿಂದ. ಸಣ್ಣಾಕಿ ಕಡಬು ಇಟ್ಟಳು.

"ನಿನ್ನ ಎತ್ತಿನ ಕಡಬು ನನ್ನ ಎತ್ತಿನ ಮುಂದ ಯಾಕ ಸರಸ್ತಿ?" ಅಂದ್ಲು ಹಿರೀಸೊಸಿ.

"ನಾ ಎಲ್ಲಿ ಸರಿಸೀನ್ರಿ ಅಕ್ಕಾರ. ನಿಮ್ಮ ಎತ್ತ ಈ ಕಡೆ ಮಾರಿ ಮಾಡಿ ನಿಂತೈತಿ. ಅಲ್ಲಿ ಹೊಟ್ಟಿ ತುಂಬೂದಿಲ್ಲೇನೋ."

ಮರುದಿನ ಗೌಂಡಿ ಬಂದು, "ಆಜೀ, ಹೇ ಬೈಲ ಕಾಢಾ," ಎತ್ತು ತಗೀರಿ ಅಂದ. ಪೂಜಿ ಆದ ಜೋಡಿ ಮುರದವರ ಹೊಲಕ್ಕ ಮಳಿ ಆಗೂದಿಲ್ಲಂತ ಎಲ್ಲಾರಿಗೂ ಅಂಜಿಕಿ. ತಮ್ಮ ತಗೀಲಿ ಅಂದ ಅಣ್ಣ. ಅಣ್ಣ ತಗೀಲಿ ಅಂದ ತಮ್ಮ. ಕಲಸಿದ ಮಣ್ಣ ಒಣಗಾಕ ಹತ್ತಿತು. ಗೌಂಡಿ ತಲಿ ಕೆರಕೊಂಡು, ಎತ್ತಿನ ಎರಡೂ ಮಗ್ಗಲ ಕಟ್ಟಿ, ಮ್ಯಾಲ ಒಂದ ಹಾಸಗಲ್ಲು ಇಟ್ಟು ಗ್ವಾಡಿ ಮುಗಿಸಿದ. ನಡುವ ಕಿಂಡಿ ಉಳೀತು. ಅದರ ಕೆಳಗ ಅರ್ಧಾ ಗ್ವಾದಲಿ ಈ ಕಡೆ, ಅರ್ಧಾ ಆ ಕಡೆ. ಅವತ್ತ ಸಂಜಿಕ ಹುಡುಗೂರು ತಮ್ಮ ತಮ್ಮ ಅರ್ಧದಾಗ ಕುಂತಿದ್ವು. ಕತ್ತರಿ ಆ ಕಡಿಂದ ಬಂತು, ಅಂಟು ಈ ಕಡಿಂದ ಹೋತು. ಪಂಚರು ಇಡೀ ಮನಿ ಕೊಯ್ದ್ರು, ಖಾನಿ ಕೊಯ್ಯಾಕ ಆಗಲಿಲ್ಲ.

ಆಮ್ಯಾಲ

ಯಾರ್ಯಾರು ಏನೇನಾದ್ರು ಅಂತ ಕೇಳತೀರಿ. ಬೀಗತಿಗೆ ಅಳಿಯ ಕಡೀಕೂ ಸೀರಿ ಒಯ್ದ, ಆಕಿ ತೀರಿದ ದಿನ, ಹೊದಿಸಾಕ. ಚೀಟಿಯಂವ ಈಗ್ಲೂ ನಮ್ಮನಿಗೆ ಬಂದ್ರ ಚಪ್ಪಲಿ ಕೈಯಾಗ ಹಿಡಕೊಂಡ ಒಳಗ ಬರತಾನ. ಹಿರೀಮಗ ಟ್ರ್ಯಾಕ್ಟರ್ ಮಾರ್ಯಾನ, ಹೊಲ ಹೂಡಾಕ ಮಂದಿ ಎತ್ತು ಕೇಳಕೊಂತ ತಿರಗತಾನ. ಸಣ್ಣಮಗ ಟಿ.ವಿ. ತಂದ. ಅಣ್ಣನ ಮನಿಯವರು ಕಿಂಡ್ಯಾಗಿಂದ ನೋಡತಾರಂತ ಅದಕ್ಕ ಪಡದೆ ಕಟ್ಟ್ಯಾನ. ಗೌಂಡಿ ಇಲ್ಲಿತನಕ ಎಲ್ಲಿ ಹೋದ್ರೂ ಎತ್ತಿಗೆ ಕಿಂಡಿ ಇಟ್ಟ ಸುದ್ದಿ ಹೇಳತಾನಂತ. ಎತ್ತು ಉಳೀಲಿಲ್ಲ. ಅವುಗಳ ನೆತ್ತಿ ಮ್ಯಾಲ ಮಾಳಗಿ ಸೋರಿ ನೀರು ಗ್ವಾಡಿಗುಂಟ ಕಿಂಡ್ಯಾಗ ಇಳೀತು, ಮ್ಯಾಲ ಹತ್ತಿ ಮುಚ್ಚಾಕ ಇಬ್ಬರ ಕಡೇನೂ ಮಾಳಗಿ ಮುಟ್ಟೂ ನಿಚ್ಚಣಿಕಿ ಇರಲಿಲ್ಲ. ಕರಗಿ ಗ್ವಾದಲ್ಯಾಗ ಬಿದ್ವು. ಮೊಮ್ಮಗಳನ್ನ ಅಥಣಿಗೆ ಕೊಟ್ಟೇವಿ. ಆಕಿ ಬಾಗಲದಾಗ ಬಳಿಚೂರಿನ ತೋರಣ ಐತಿ, ಅದರಾಗ ನನ್ನ ಹಸರವೂ ಅದಾವು. ಮೊಮ್ಮಗ ನಿಪ್ಪಾಣ್ಯಾಗ ಗ್ಯಾರೇಜಿನಾಗ ಖರೇ ಟ್ರ್ಯಾಕ್ಟರಿಗೆ ಗಾಲಿ ಹಾಕತಾನ, ವಾರಕ್ಕೊಮ್ಮೆ ಊರಿಗೆ ಬರತಾನ.

ಬಿಳೀ ಗೊಂಬಿ ಇನ್ನೂ ಐತಿ. ಆರ ತಿಂಗಳಿಗೊಮ್ಮೆ ನನ್ನ ಪಾಳಿ ಬದಲಾಗೂ ದಿನ ಈ ಮನಿಯವರು ಅದನ್ನ ಕಿಂಡ್ಯಾಗ ಆ ಕಡೆ ಇಡತಾರ, ಅಂದ್ರ ಮುದುಕಿ ಹೊಂಟಾಳ ಅಂತ. ನಾ ಗಂಟು ಹೊತ್ತು ಓಣಿ ಸುತ್ತಿ ಹೋಗತೀನಿ. ಗೊಂಬಿ ನನಗಿಂತ ಮೊದಲ ಮುಟ್ಟತೈತಿ. ಅದನ್ನ ಕಂಡ ಕೂಡಲೇ ಆ ಮನಿ ಸೊಸಿ ಹಾಲಿನ ಪಾತೇಲಿ ಒಳಗ ಇಟ್ಟು ಕದಾ ಹಾಕತಾಳ. ಇದು ನನಗ ತಿಳ್ಯಾಕ ಭಾಳ ವರ್ಷ ಹಿಡೀತು. ಅದಕ್ಕ ಈಗ ಪಾಳಿ ಬದಲಾಗೂ ಹಿಂದಿನ ದಿನಾನ ಗೊಂಬಿ ನನ್ನ ಗಂಟಿನಾಗ ಕಟ್ಟಿ ಇಟಗೊಂತೀನಿ. ಮೊದಲ ನಾ ಹೋಗತೀನಿ, ಕುಂದರತೀನಿ, ಒಂದ ವಾಟಿ ಹಾಲು ಕುಡೀತೀನಿ. ಆಮ್ಯಾಲ ಗೊಂಬಿ ತಗದು ಕಿಂಡ್ಯಾಗ ಇಡತೀನಿ, ಮುದುಕಿ ಬಂದಾಳಂತ ಅವರಿಗೆ ಗೊತ್ತಾಗಲಿ.