ಮಾವಳ್ಳಿ ಎಡಕ್ಕೆ, ಮಾಮೂಲ್‌ಪೇಟೆ ಬಲಕ್ಕೆ

ಹೆಂಡತಿಯ ಮೇಲೆ ನಿಷ್ಠೆ ಇರುವವರನ್ನು ನೀವು ಕಂಡಿರುತ್ತೀರಿ, ದೇವರ ಮೇಲೆ ಇರುವವರನ್ನೂ ಕಂಡಿರುತ್ತೀರಿ. ರೇಡಿಯೇಟರ್ ಮೇಲೆ ನಿಷ್ಠೆ ಇರುವ ಮನುಷ್ಯನನ್ನು ಕಾಣಬೇಕೆಂದರೆ ಚಾಮರಾಜಪೇಟೆಗೆ, ನಮ್ಮ ಮನೆಗೇ ಬರಬೇಕು. ಅವನು ನನ್ನ ಭಾವಮೈದ, ಹೆಂಡತಿಯ ತಮ್ಮ. ನಮ್ಮ ಮಹಡಿಯ ಮೇಲಿನ ರೂಮಿನಲ್ಲಿದ್ದಾನೆ. ವಯಸ್ಸು ನಲವತ್ತೆರಡು. ಮದುವೆಯಾಗಿಲ್ಲ. ಆಗಿದೆ ಎಂದು ಅವನು ವಾದಿಸಬಹುದು, ಒಂದು ಕಾರು ಕಂಪನಿಯ ಜೊತೆ!

ಅವನ ಕಸುಬು ರ್ಯಾಲಿ ಓಡಿಸುವುದು. ಬುದ್ಧಿ ನೆಟ್ಟಗಿರುವವರು ಎತ್ತಿನಗಾಡಿಯನ್ನೂ ಇಳಿಸದ ಮಣ್ಣುದಾರಿಯಲ್ಲಿ ಕಾರನ್ನು ಬಾಣದ ಹಾಗೆ ಬಿಡುವುದಕ್ಕೆ ರ್ಯಾಲಿ ಎಂದು ಹೆಸರು. ಹದಿನೆಂಟು ವರ್ಷದಿಂದ ಒಂದೇ ಕಂಪನಿಯ ಕಾರು. ಹೆಸರು ಹೇಳುವುದಿಲ್ಲ, ಅವನೂ ಹೇಳುವುದಿಲ್ಲ. ‘ನಮ್ ಕಂಪನಿ’ ಎನ್ನುತ್ತಾನೆ, ಮಠದ ಭಕ್ತರು ‘ನಮ್ ಸ್ವಾಮಿಗಳು’ ಎನ್ನುವ ಧಾಟಿಯಲ್ಲಿ. ಆ ಕಂಪನಿ ಇವನಿಗೆ ಕೊಟ್ಟಿದ್ದಾದರೂ ಏನು? ಒಂದು ಟೋಪಿ, ಒಂದು ಕಟ್ಟು ಸ್ಟಿಕರ್. ರ್ಯಾಲಿ ವಿಭಾಗವನ್ನೇ ಮುಚ್ಚಿ ವರ್ಷಗಳಾದವು. ಆದರೂ ಪ್ರತಿ ಆಯುಧಪೂಜೆಗೆ ಅವರ ಶೋರೂಮಿಗೆ ಮೈಸೂರುಪಾಕಿನ ಡಬ್ಬ ಹಿಡಿದು ಹೋಗುತ್ತಾನೆ. ಹಳಬರು ಯಾರೂ ಉಳಿದಿಲ್ಲ. ಮೂರು ವರ್ಷದ ಹಿಂದೆ ಬಾಗಿಲಿನ ಸೆಕ್ಯೂರಿಟಿಯವನು ಕೇಳಿದನಂತೆ: “ಯಾರ್ ಬೇಕಿತ್ತು ಸಾರ್?”

“ಯಾರೂ ಬೇಡಪ್ಪ, ನಾನು ಮನೆಯೋನೇ” ಎಂದು ಡಬ್ಬವನ್ನು ಅವನ ಕೈಗಿಟ್ಟು ಬಂದ. ನಮ್ಮ ಮನೆಯಲ್ಲಿ ಆ ಹಬ್ಬಕ್ಕೆ ಮೈಸೂರುಪಾಕು ಇರಲಿಲ್ಲ ಎಂಬುದನ್ನೂ ಓದುಗರು ಗಮನಿಸಬೇಕು.

ಮದುವೆ ಯಾಕಾಗಲಿಲ್ಲ ಎನ್ನುತ್ತೀರಾ? ಮಲ್ಲೇಶ್ವರದಲ್ಲಿ ಹೆಣ್ಣು ನೋಡಲು ಹೋಗಿದ್ದೆವು. ಒಪ್ಪಿಗೆ ಆದ ಹಾಗೇ ಇತ್ತು. “ದೇವಸ್ಥಾನಕ್ಕೆ ಹೋಗಿಬರೋಣ” ಎಂದು ಹುಡುಗಿಯ ತಂದೆ ತಮ್ಮ ಹೊಸ ಕಾರು ತೆಗೆದರು. ಬೇರೆ ಕಂಪನಿಯ ಕಾರು. ನಾವೆಲ್ಲ ಹತ್ತಿದೆವು. ಇವನು ಕಾರಿನ ಹಿಂದೆ ನಡೆದುಕೊಂಡೇ ಬಂದ. ದೇವಸ್ಥಾನದ ಮೆಟ್ಟಿಲ ಹತ್ತಿರ ಹುಡುಗಿ ನೇರವಾಗಿ ಕೇಳಿದಳು:

“ಕಾರಲ್ಲಿ ಯಾಕ್ ಕೂರ್ಲಿಲ್ಲ ನೀವು?”

“ನಾನು ಬೇರೆ ಕಂಪನಿಯವನು.”

“ಹೌದಾ? ಹಂಗಾದ್ರೆ ನಾನೂ ಬೇರೆ ಕಂಪನಿಯವಳೇ ಅಂದ್ಕೊಳಿ” ಎಂದು ಚಪ್ಪಲಿ ಬಿಟ್ಟು ಒಳಗೆ ಹೋದಳು. ಜಾಣೆ. ಈಗಲೂ ಆ ಹುಡುಗಿಯ ಮೇಲೆ ನನಗೆ ಗೌರವ ಇದೆ.

ಇಷ್ಟೆಲ್ಲ ಹೇಳುವ ನಾನು ಯಾರು? ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು, ಸುತ್ತಿಗೆ ಹಿಡಿದು, ನನ್ನದೇ ಟಿಂಕರಿಂಗ್ ಶೆಡ್ ಹಾಕಿ, ಅದೇ ಶೆಡ್ಡಿನ ದುಡಿಮೆಯಲ್ಲಿ ಮನೆ ಕಟ್ಟಿದವನು. ಯಾರ ಮುಂದೆಯೂ ಕೈ ಚಾಚಿಲ್ಲ. ಅವನ ಕಾರಿಗೆ ಮೆಕ್ಯಾನಿಕ್ ಆಗಿ ಹೋದವನು ನ್ಯಾವಿಗೇಟರ್ ಆದದ್ದು ನನ್ನ ಹೊಟ್ಟೆಯ ಬಲದಿಂದ. ರ್ಯಾಲಿ ಕಾರಿನಲ್ಲಿ ಡ್ರೈವರ್ ಪಕ್ಕ ಒಬ್ಬ ಕೂರಬೇಕು. ಮೊದಲೇ ನಿಧಾನವಾಗಿ ದಾರಿ ನೋಡಿ ಬರೆದಿಟ್ಟುಕೊಂಡ ತಿರುವುಗಳನ್ನು ಅವನು ಒಂದೊಂದಾಗಿ ಕೂಗಿ ಓದಬೇಕು. ತಲೆ ಬಗ್ಗಿಸಿ ಓದುತ್ತಾ ಆ ಕುಲುಕಾಟ ತಡೆಯುವುದು ಎಲ್ಲರಿಗೂ ಆಗುವುದಿಲ್ಲ. ಇವನ ಮೊದಲಿನ ನ್ಯಾವಿಗೇಟರ್, ಡಬಲ್ ಡಿಗ್ರಿ ಪಡೆದವನು, ಒಂದು ದಿನ ಕಾಗದದ ಮೇಲೇ ವಾಂತಿ ಮಾಡಿಕೊಂಡ. “ಭಾವ, ನೀವೇ ಕೂತ್ಕೊಳಿ” ಎಂದ ಇವನು. ಕೂತೆ.

ಅಲ್ಲಿ ಎಲ್ಲರೂ ತಿರುವಿಗೆ ಇಂಗ್ಲಿಷಿನಲ್ಲಿ ನಂಬರ್ ಹೇಳುತ್ತಾರೆ. ನಂಬರು ನನ್ನ ಬಾಯಿಗೆ ಬರುವಷ್ಟರಲ್ಲಿ ನಮ್ಮ ಕಾರು ಪೊದೆಯೊಳಗಿತ್ತು. ಬಾನೆಟ್ ಮೇಲಿನ ಸೊಪ್ಪು ತೆಗೆಯುತ್ತಾ ಇವನು ಹೇಳಿದ: “ನಂಬರ್ ಬಿಟ್ಬಿಡಿ ಭಾವ. ನಿಮಗೆ ಗೊತ್ತಿರೋ ರಸ್ತೆ ಹೇಳಿ, ನಾನು ಅರ್ಥ ಮಾಡ್ಕೋತೀನಿ.”

ಅವತ್ತಿನಿಂದ ನಮ್ಮ ಲೆಕ್ಕವೇ ಬೇರೆ. ಲಾಲ್‌ಬಾಗ್ ಗೋಡೆ ಪಕ್ಕದ ರಸ್ತೆ ಬಳುಕುವ ಹಾಗೆ ದಾರಿ ಉದ್ದಕ್ಕೆ, ನಯವಾಗಿ ತಿರುಗಿದರೆ ಅದು ‘ಮಾವಳ್ಳಿ’. ಕನ್ನಡಿ ಮಡಚಬೇಕಾದಷ್ಟು ಇಕ್ಕಟ್ಟಾದರೆ ‘ಮಾಮೂಲ್‌ಪೇಟೆ’. ಒಂದರ ಹಿಂದೊಂದು ಎಡ ಬಲ ಎಡ ಬಲ ಬಂದರೆ ‘ಮಲ್ಲೇಶ್ವರ ಕ್ರಾಸು’. ನೇರ ಕಂಡರೂ ಗುಂಡಿ ಕಾದಿದ್ದರೆ ‘ಬಿನ್ನಿಪೇಟೆ’. ಕೊನೆಯ ನೇರ ದಾರಿ, ಮುಗಿಯುವ ಗೆರೆ ಕಾಣುವುದು, ‘ಚಾಮರಾಜಪೇಟೆ’. ಬಿದ್ದರೆ ಮೇಲೆ ಬರಲಾಗದ ತಿರುವಿದ್ದರೆ ಅದರ ಕೆಳಗೆ ಇವನು ಕೆಂಪು ಪೆನ್ಸಿಲಿನಿಂದ ಎರಡು ಗೆರೆ ಎಳೆಯುತ್ತಾನೆ. ಎರಡು ಗೆರೆ ಕಂಡರೆ ನಾನು ಗಂಟಲು ಹರಿಯುವಂತೆ ಕೂಗಬೇಕು. ಹೀಗೆ ಬೆಂಗಳೂರನ್ನು ಕೂಗಿಕೊಂಡೇ ನಾವು ಎಷ್ಟೋ ಕಪ್ಪು ಗೆದ್ದೆವು.

ಇನ್ನೊಂದು ಹುಚ್ಚು ಅವನ ಕಾಗದದ ಉಳಿತಾಯ. ಒಂದು ಮಗ್ಗುಲು ಖಾಲಿ ಇರುವ ಕಾಗದ ಕಸಕ್ಕೆ ಹಾಕಿದರೆ ಮಗುವನ್ನು ಹಾಕಿದಂತೆ ಸಂಕಟಪಡುತ್ತಾನೆ. ಕರೆಂಟ್ ಬಿಲ್ಲು, ಲಗ್ನಪತ್ರಿಕೆ, ಎಲ್ಲದರ ಹಿಂಬದಿಗೂ ನಮ್ಮ ತಿರುವುಗಳೇ. ಒಮ್ಮೆ ಓಟದ ನಡುವೆ ಕಾರ್ಡು ಕೈಯಲ್ಲಿ ತಿರುಗಿಬಿಟ್ಟಿತು. “ಮಾಮೂಲ್‌ಪೇಟೆ ಎಡಕ್ಕೆ, ಬಿನ್ನಿಪೇಟೆ, ಸಕುಟುಂಬ ಸಪರಿವಾರ ಸಮೇತ ಆಗಮಿಸಿ” ಎಂದು ಕೂಗಿದೆ. ಇವನು ಬ್ರೇಕ್ ಹಾಕಿ ನನ್ನ ಮುಖ ನೋಡಿದ. “ಎಷ್ಟ್ ಜನ ಬರಬೇಕು ಭಾವ?” ಅಂದಿನಿಂದ ಹಿಂಬದಿ ನೋಡಬಾರದೆಂಬುದು ನಮ್ಮ ಕಾನೂನು.

ಎರಡು ವರ್ಷದ ಹಿಂದೆ ಬೇರೊಂದು ಕಂಪನಿಯವರು ನಮ್ಮ ಶೆಡ್ ಹುಡುಕಿಕೊಂಡು ಬಂದರು. ಇಸ್ತ್ರಿ ಶರಟು ಹಾಕಿದ ಒಬ್ಬರು ಇವನನ್ನು ಕಾಫಿಗೆ ಕರೆದುಕೊಂಡು ಹೋದರು. ಹೊಸ ಕಾರು, ತಿಂಗಳ ಸಂಬಳ, ಹೊರದೇಶದ ರ್ಯಾಲಿ. ನಲವತ್ತು ತುಂಬಿದವನಿಗೆ ಇಂಥದ್ದು ಇನ್ನೊಮ್ಮೆ ಬರುತ್ತದೆಯೇ? ಅವನು ವಾಪಸು ಬರುವಷ್ಟರಲ್ಲಿ ನಾನು ಮನೆಗೆ ಹೋಗಿ, ಅವರು ಕೊಡುವ ಬೆಂಕಿ ಹತ್ತದ ಅಂಗಿ ಸಾಲಬೇಕಲ್ಲ ಎಂದು ಹೆಂಡತಿಯಿಂದ ಹೊಟ್ಟೆಯ ಸುತ್ತಳತೆ ತೆಗೆಸಿದ್ದೆ. ಟೇಪು ಸಾಲದೆ ಅವಳು ದಾರ ಹುಡುಕುತ್ತಿದ್ದಳು.

ಬಂದವನು ಹೇಳಿದ: “ಆಗಲ್ಲ ಅಂದ್ಬಿಟ್ಟೆ ಭಾವ. ನಮ್ ಕಂಪನಿ ಬಿಟ್ಟು ಹೆಂಗ್ ಹೋಗ್ಲಿ?”

“ಯಾವ್ ಕಂಪನಿನೋ? ನಿನ್ನ ಹೆಸರು ಗೊತ್ತೇನೋ ಅಲ್ಲಿ ಯಾರಿಗಾದ್ರೂ?”

“ಸೆಕ್ಯೂರಿಟಿಯವನಿಗೆ ಗೊತ್ತು.”

“ಇವನ ತಲೇಲಿ ಇಂಜಿನ್ ಆಯಿಲ್ ಇದೆ ಕಣ್ರೀ” ಎಂದಳು ಅವನ ಅಕ್ಕ, ದಾರ ಸುತ್ತಿಡುತ್ತಾ.

ನಾನು ತಿಂಗಳುಗಟ್ಟಲೆ ರೇಗಿದೆ. ಅವನ ಜೊತೆ ನನ್ನ ಅದೃಷ್ಟವೂ ಮುಳುಗಿತಲ್ಲ ಎಂಬ ಹೊಟ್ಟೆಯುರಿ. ಕಾರಿನಲ್ಲಿ ನನ್ನ ಎದುರಿಗೇ, ಡ್ಯಾಶ್‌ಬೋರ್ಡಿನ ಮೇಲೆ, ಅವನ ‘ನಮ್ ಕಂಪನಿ’ಯ ಸ್ಟಿಕರ್ ಒಂದಿದೆ. ಮೂಲೆ ಯಾವಾಗಲೂ ಮೇಲೇಳುತ್ತದೆ. “ಭಾವ, ಒಂಚೂರು ಒತ್ತಿಬಿಡಿ” ಎನ್ನುವನು. “ನಿನ್ ಕಂಪನಿ, ನೀನೇ ಒತ್ಕೋ” ಎನ್ನುವೆನು. ಬೆಲ್ಟು ಬಿಗಿದ ಅವನಿಗೆ ಕೈ ಎಟುಕುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತು.

ಮೊನ್ನೆಯ ರ್ಯಾಲಿಯಲ್ಲಿ ಹೊರಡುವ ಗೆರೆಯ ಮೇಲೆ ಕಾಯುತ್ತಿದ್ದೆವು. ಮುಂದಿನ ಕಾರು ಕೆಟ್ಟು ನಿಂತಿತ್ತು. ಹೊತ್ತು ಹೋಗದೆ ನಾನು ಕಾಗದಗಳನ್ನು ಜೋಡಿಸುತ್ತಿದ್ದಾಗ ಒಂದು ಹಾಳೆ ತಿರುಗಿಕೊಂಡಿತು. ಹಿಂಬದಿಯಲ್ಲಿ ಇಂಗ್ಲಿಷ್, ಮೇಲೆ ಎರಡು ವರ್ಷದ ಹಿಂದೆ ಅವನನ್ನು ಕರೆದಿದ್ದ ಆ ಇನ್ನೊಂದು ಕಂಪನಿಯ ಮುದ್ರೆ. ಅಂಥ ಕಾಗದವನ್ನೂ ಬಿಡಲಿಲ್ಲವಲ್ಲ ಈ ಜಿಪುಣ ಎಂದು ನಗು ಬಂತು. ಕಾನೂನು ಮುರಿದು ಓದಿದೆ. ಏಳನೇ ಕ್ಲಾಸಿನ ಇಂಗ್ಲಿಷ್, ಒಂದೊಂದೇ ಅಕ್ಷರ. ಕಾರು, ಸಂಬಳ, ಹೊರದೇಶ, ಎಲ್ಲ ಇತ್ತು. ಕೆಳಗೆ ಇನ್ನೊಂದು ಸಾಲು: ಬರಬೇಕಾದವರು ಡ್ರೈವರ್ ಮಾತ್ರ. ಈಗಿನ ನ್ಯಾವಿಗೇಟರ್ ಬೇಡ. ಓದಿದ, ಇಂಗ್ಲಿಷ್ ಬಲ್ಲ ನ್ಯಾವಿಗೇಟರನ್ನು ಕಂಪನಿಯೇ ಕೊಡುತ್ತದೆ.

ಆ ಸಾಲಿನ ಕೆಳಗೆ ಕೆಂಪು ಪೆನ್ಸಿಲಿನಲ್ಲಿ ಎರಡು ಗೆರೆ.

ಪಕ್ಕಕ್ಕೆ ನೋಡಿದೆ. ಅವನು ಕೈಗವಸು ಎಳೆದುಕೊಳ್ಳುತ್ತಿದ್ದ. ಹೊರಗೆ ಬಾವುಟ ಹಿಡಿದವನು ಐದು ಬೆರಳು ತೋರಿಸಿದ. ನಾಲ್ಕು. ಮೂರು.

“ಭಾವ, ಮೊದಲನೇದು ಯಾವುದು?”

ನಾನು ಹಾಳೆಯನ್ನು ಸರಿ ಮಗ್ಗುಲಿಗೆ ತಿರುಗಿಸಿದೆ. ಎಡಗೈಯ ಹೆಬ್ಬೆರಳಿನಿಂದ ಆ ಸ್ಟಿಕರಿನ ಮೂಲೆಯನ್ನು ಗಟ್ಟಿಯಾಗಿ ಒತ್ತಿ ಹಿಡಿದೆ.

“ಮಾವಳ್ಳಿ, ಎಡಕ್ಕೆ” ಎಂದೆ.