ಕ್ರಯಪತ್ರದ ಬೆನ್ನು ನೋಡದ ಸರ್ವರ್ ಮಹಾಶಯರಿಗೆ

ಮಾನ್ಯ ಸರ್ವರ್ ಮಹಾಶಯರೇ,

ಊರಿನ ಮನೆ, ನಿವೇಶನಗಳ ಪತ್ರಗಳನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡು ಕಾಯುತ್ತಿರುವ ತಮಗೆ ದರ್ಜಿ ಕೆಲಸದ ಹೆಂಗಸೊಬ್ಬಳ ಸಾಷ್ಟಾಂಗ ನಮಸ್ಕಾರಗಳು. ನಮಗೆ ಫ್ಯಾನಿಗೂ ಗತಿಯಿಲ್ಲದ ನೋಂದಣಿ ಕಚೇರಿಯಲ್ಲಿ ತಮಗೊಬ್ಬರಿಗೇ ಏಸಿ ಹಾಕಿರುವುದನ್ನು ಕಂಡು, ತಾವೇ ಅಲ್ಲಿನ ಹಿರಿಯ ಅಧಿಕಾರಿಗಳೆಂದು ತಿಳಿದು ನೇರವಾಗಿ ತಮಗೇ ಬರೆಯುತ್ತಿದ್ದೇನೆ.

ಹಳೆಯ ಪತ್ರಗಳನ್ನು ಕಂಪ್ಯೂಟರಿಗೆ ಏರಿಸುವ ಮಹತ್ಕಾರ್ಯದಲ್ಲಿ ತಮ್ಮವರು ನನ್ನ ಮನೆಯ ಕ್ರಯಪತ್ರದ ಪ್ರತಿ ಹಾಳೆಯ ಮುಂಬದಿಯನ್ನು ಅಚ್ಚುಕಟ್ಟಾಗಿ ಸ್ಕ್ಯಾನ್ ಮಾಡಿದ್ದಾರೆ, ಹಿಂಬದಿಯನ್ನು ಮುಟ್ಟಿಲ್ಲ. ಆದರೆ ಆ ಕಾಲದ ಪತ್ರ ಬರಹಗಾರರು ಕಾಗದ ಉಳಿಸಲೆಂದು ನಾಲ್ಕು ದಿಕ್ಕಿನ ಎಲ್ಲೆ ಹೇಳುವ ಚಕ್ಕುಬಂದಿಯನ್ನೂ, ಬೀದಿಗೆ ಹೋಗುವ ಓಣಿ ಈ ಮನೆಗೇ ಸೇರಿದ್ದೆಂಬ ಮಾತನ್ನೂ ಕೊನೆಯ ಹಾಳೆಯ ಬೆನ್ನಿಗೆ ಬರೆಯುತ್ತಿದ್ದರು. ಹೀಗಾಗಿ ತಮ್ಮ ಕೃಪೆಯಿಂದ ನನ್ನದೀಗ ಗೋಡೆ, ಸೂರು, ತೆರಿಗೆ ಎಲ್ಲ ಇದ್ದು ಎಲ್ಲೆಯೊಂದೇ ಇಲ್ಲದ ಮನೆ. ಋಷಿಮುನಿಗಳಿಗೂ ಸಿಗದ ಸ್ಥಿತಿ ಇದು.

ಪಕ್ಕದ ಮನೆಯ ಸಿಮೆಂಟ್ ವ್ಯಾಪಾರಿಗೆ ಈ ಸುದ್ದಿ ತಿಳಿದದ್ದೇ ತಡ, ಓಣಿ ಯಾರದೂ ಅಲ್ಲವೆಂದು ತೀರ್ಮಾನಿಸಿ ನಮ್ಮ ಬಾಗಿಲಿಗೆ ಅಡ್ಡಲಾಗಿ ಗೋಡೆ ಎಬ್ಬಿಸಿದರು. ಮಾರಾಟವಾಗದ ಅವರ ಸಿಮೆಂಟಿಗೂ ಸದ್ಗತಿ ಸಿಕ್ಕಿತು. ಅಂದಿನಿಂದ ಹಿಂದಿನ ಕಿಟಕಿಯ ಸರಳು ಕೀಳಿಸಿ ಅಲ್ಲಿಂದಲೇ ಓಡಾಡುತ್ತಿದ್ದೇವೆ. ಅಳತೆ ಕೊಡಲು ಬರುವವರು ಸ್ಟೂಲು ಹತ್ತಿ ಒಳಗಿಳಿಯುತ್ತಾರೆ. ಮೈಕೈ ತುಂಬಿಕೊಂಡವರು ಬೇರೆ ದರ್ಜಿಯನ್ನು ನೋಡಿಕೊಂಡಿದ್ದಾರೆ. ಮೊನ್ನೆ ಉಸಿರಾಟದ ತೊಂದರೆ ಹೆಚ್ಚಾದ ಅತ್ತೆಯವರನ್ನು ಕುರ್ಚಿಗೆ ದುಪ್ಪಟಿಯಿಂದ ಕಟ್ಟಿ, ಅದೇ ಕಿಟಕಿಯಿಂದ ಇಳಿಸಿ ಆಸ್ಪತ್ರೆಗೆ ಒಯ್ದೆವು. ‘ನಾನೇನು ಕದ್ದ ಮಾಲೇನೇ, ಕಿಟಕೀಲಿ ಸಾಗಿಸ್ತಿದೀಯಲ್ಲ?’ ಎಂದು ಅವರು ಏದುಸಿರಿನಲ್ಲೇ ಕೇಳಿದಾಗ ನನಗೆ ನಗು ಬರಲಿಲ್ಲ, ದುಪ್ಪಟಿಯ ಗಂಟನ್ನು ಇನ್ನಷ್ಟು ಬಿಗಿದೆ.

ಮೂಲ ಪತ್ರ ಹಿಡಿದು ಹೋದರೆ ತಮ್ಮ ಗುಮಾಸ್ತರು ಅದನ್ನು ತಿರುಗಿಸಿಯೂ ನೋಡದೆ, ‘ಅಮ್ಮಾ, ಕಾಗದ ಎಲ್ಲ ಈಗ ನಡೆಯಲ್ಲ, ಸಿಸ್ಟಮ್‌ನಲ್ಲಿ ಇರೋದೇ ಸತ್ಯ’ ಎಂದರು. ತಿದ್ದುಪಡಿಗೆ ಅರ್ಜಿ ಹಾಕಬಹುದಂತೆ, ಅದಕ್ಕೆ ಚಕ್ಕುಬಂದಿ ಇರುವ ನಕಲು ಲಗತ್ತಿಸಬೇಕಂತೆ, ಆ ನಕಲನ್ನು ತಾವೇ ದಯಪಾಲಿಸಬೇಕಂತೆ. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎಂಬ ಗಾದೆಯನ್ನು ಕಾನೂನಿನ ಮಟ್ಟಕ್ಕೆ ಏರಿಸಿದ ಕೀರ್ತಿ ತಮ್ಮದು.

ಆದ್ದರಿಂದ ತಮ್ಮಲ್ಲಿ ನನ್ನ ಪ್ರಾರ್ಥನೆ. ಹಾಳೆ ತಿರುಗಿಸುವುದು ತಮ್ಮ ಘನತೆಗೆ ಕುಂದಾದರೆ, ಆ ಗೋಡೆಯನ್ನೂ ಸ್ಕ್ಯಾನ್ ಮಾಡಿ ಒಳಗಿಟ್ಟುಕೊಂಡು, ಹೊರಗೆ ನಿಂತಿರುವ ಇಟ್ಟಿಗೆಗಳಿಗೆ ಇನ್ನು ಅವು ನಡೆಯುವುದಿಲ್ಲವೆಂದು ತಿಳಿಸಿಬಿಡಿ. ಅದೂ ಆಗದಿದ್ದರೆ ಅತ್ತೆಯವರನ್ನೇ ತಮ್ಮೊಳಗೆ ಏರಿಸಿಕೊಳ್ಳಿ. ತಾವು ಮುಂಬದಿಯನ್ನಷ್ಟೇ ತೆಗೆದುಕೊಳ್ಳುವುದರಿಂದ ಅವರ ಬೆನ್ನುನೋವಾದರೂ ಹೊರಗೆ ಉಳಿದೀತು.

ಕಿಟಕಿಯ ಮೇಲೆ ಕುಳಿತು ಬರೆದ,
ತಮ್ಮ ವಿಶ್ವಾಸಿ,
ಎಲ್ಲೆಯಿಲ್ಲದ ಮನೆಯೊಡತಿ

ಮರೆತಿದ್ದ ಮಾತು: ಸಿಮೆಂಟ್ ವ್ಯಾಪಾರಿಯ ಮನೆಪತ್ರವನ್ನೂ ಅದೇ ಬರಹಗಾರರು ಬರೆದದ್ದು. ನಿನ್ನೆ ಶುಲ್ಕ ಕಟ್ಟಿ ಅದರ ನಕಲು ತೆಗೆಸಿದೆ. ತಮ್ಮ ಪ್ರಕಾರ ಅವರ ಮನೆಗೂ ಎಲ್ಲೆಯಿಲ್ಲ. ಆದಕಾರಣ ನಾಳೆ ಬೆಳಿಗ್ಗೆಯಿಂದ ನನ್ನ ಹೊಲಿಗೆ ಯಂತ್ರ ಅವರ ಹಜಾರದಲ್ಲಿಯೂ, ಆಸ್ಪತ್ರೆಯಿಂದ ಮರಳಿದ ಅತ್ತೆಯವರ ಮಂಚ ಅವರ ಮುಂಬಾಗಿಲ ಪಕ್ಕದಲ್ಲಿಯೂ ಇರುತ್ತವೆ. ಅವರು ಕೊಡುವ ದೂರು ತಮ್ಮಲ್ಲಿ ವಿಚಾರಣೆಗೆ ಬರುವಷ್ಟರಲ್ಲಿ ಅತ್ತೆಯವರು ಪೂರ್ತಿ ಚೇತರಿಸಿಕೊಂಡಿರುತ್ತಾರೆ.