ಬಾಲದ ಚಕ್ರ

ವಿಮಾನಕ್ಕೆ ರೆಕ್ಕೆಯೇ ಮುಖ್ಯ ಎಂದು ಲೋಕ ನಂಬಿದೆ. ನೆಸ್ಟರ್ ಬೊಯ್ಚುಕ್‌ನ ಪಾಲಿಗೆ ಮಾತ್ರ ಅದರ ಪ್ರಾಣವೆಲ್ಲ ಬಾಲದ ಕೆಳಗಿನ ಪುಟ್ಟ ಚಕ್ರದಲ್ಲಿತ್ತು. ಇಲ್ಲದಿದ್ದದ್ದೂ ಆ ಚಕ್ರವೊಂದೇ.

ಯುದ್ಧಕಾಲದಲ್ಲಿ ಕೆನಡಾದ ಸಸ್ಕಾಚೆವಾನ್‌ನ ಗೋಧಿಬಯಲಿನ ಮೇಲೆ ಹುಡುಗರಿಗೆ ಹಾರಾಟ ಕಲಿಸಿದ ಹಳದಿ ವಿಮಾನ ಅದು. ಯುದ್ಧ ಮುಗಿದಾಗ ಸರ್ಕಾರ ಅಂಥವನ್ನೆಲ್ಲ ಹಳೆ ಪಾತ್ರೆಗಳ ಹಾಗೆ ರೈತರಿಗೆ ಮಾರಿಬಿಟ್ಟಿತು. ರೈತರು ಬಿಟ್ಟಾರೆಯೇ? ತಗಡು ಕೋಳಿಗೂಡಿಗಾಯಿತು, ತಂತಿ ಬೇಲಿಗಾಯಿತು. ನಿವೃತ್ತನಾದ ಮೇಲೆ ನೆಸ್ಟರ್ ಹೊಲಹೊಲ ಅಲೆದು, ಒಂದೊಂದೇ ತುಂಡು ಬೇಡಿ ತಂದು, ಊರಿನ ಹಳೆಯ ಸ್ಕೇಟಿಂಗ್ ಶೆಡ್ಡಿನಲ್ಲಿ ವಿಮಾನ ಕಟ್ಟಿದ್ದ. ಜಾಗ ಸಾಲದೆ ರೆಕ್ಕೆಗಳನ್ನು ಗೋಡೆಗೆ ಒರಗಿಸಿದ್ದ. ಅವನ ಅಣ್ಣ ಇಂಥದರಲ್ಲೇ ಹಾರಲು ಕಲಿತು ಯುದ್ಧಕ್ಕೆ ಹೋದವನು, ಮರಳಲಿಲ್ಲ. ಹೆಂಡತಿ ಕೂಡ ಆ ವಿಮಾನದ ಬಗ್ಗೆ ಕೊಂಕು ಮಾತಾಡುತ್ತಿರಲಿಲ್ಲ.

ಈಗ ನಗರದ ದೊಡ್ಡ ಸಂಗ್ರಹಾಲಯದವರು ಅದರ ಮೇಲೆ ಕಣ್ಣು ಹಾಕಿದ್ದರು. ಶನಿವಾರ ಹೊತ್ತು ಮುಳುಗುವುದರೊಳಗೆ ವಿಮಾನ ತನ್ನ ಮೂರೂ ಚಕ್ರಗಳ ಮೇಲೆ ನಿಂತರೆ ಊರಿನಲ್ಲೇ ಇರಲಿ, ಇಲ್ಲವಾದರೆ ನಾವು ಒಯ್ಯುತ್ತೇವೆ ಎಂದು ಕರಾರಾಗಿತ್ತು.

ಶನಿವಾರ ಬೆಳಿಗ್ಗೆ ಗೆಳೆಯ ಮರ್ವಿನ್ ಏದುಸಿರು ಬಿಡುತ್ತ ಬಂದ. "ಲೋ ನೆಸ್ಟರ್, ಈನಾರ್ ಹತ್ರ ಅಂಥ ಚಕ್ರ ಇದೆಯಂತೆ ಕಣೋ! ನೀನು ಓಡು, ಶೆಡ್ ನಾನು ನೋಡ್ಕೊತೀನಿ."

ನೆಸ್ಟರ್ ತನ್ನ ಪಿಕಪ್ ಗಾಡಿ ಹತ್ತಿ ಓಡಿದ. ಆದರೆ ಆ ಸೀಮೆಯಲ್ಲಿ ಯಾರೂ ಬಾಗಿಲಲ್ಲೇ ಮಾತಾಡಿ ಕಳಿಸುವುದಿಲ್ಲ.

"ಚಕ್ರ ಎಲ್ಲಿಗೋಡೋಗುತ್ತೆ ಮಾರಾಯ, ಕೂತ್ಕೊ," ಎಂದ ರೈತ ಈನಾರ್. ಕಾಫಿ ಬಂತು. ಹಣ್ಣಿನ ಹೂರಣದ ಪೈ ಬಂತು. ಪೈ ಬೇಡವೆಂದರೆ ಅದನ್ನು ಮಾಡಿದ ಈನಾರ್‌ನ ಹೆಂಡತಿಯ ಮುಖಕ್ಕೆ ಹೊಡೆದ ಹಾಗೆ. ಎರಡನೆಯ ತುಂಡೂ ಖಾಲಿಯಾದ ಮೇಲೆ ಈನಾರ್ ನೆನಪು ಮಾಡಿಕೊಂಡ. "ಅರೆ, ಆ ಚಕ್ರ ನಾನು ಪರಸ್ಕಾ ಅಜ್ಜಿಗೆ ಕೊಟ್ಟು ಕಾಲ ಆಯ್ತಲ್ಲ!"

ಚಕ್ರ ಪರಸ್ಕಾ ಅಜ್ಜಿಯ ತಳ್ಳುಗಾಡಿಗೆ ಜೋಡಣೆಯಾಗಿತ್ತು, ಗಾಡಿಯ ಮೇಲೆ ಎಲೆಕೋಸಿನ ರಾಶಿ. ನೆಸ್ಟರ್‌ಗೆ ಕಣ್ಣು ತುಂಬಿತು.

"ತಗೊಂಡ್ಹೋಗಪ್ಪ, ಯಾರು ಬೇಡ ಅಂದ್ರು? ಮೊದ್ಲು ನಾಕು ಪೆರೋಗಿ ಕಡುಬು ತಿನ್ನು. ಆಮೇಲೆ ಈ ಕೋಸೆಲ್ಲ ನೆಲಮಾಳಿಗೆಗೆ ಇಳಿಸ್ಕೊಡು. ಗಾಡಿ ನೀನೇ ಕುಂಟು ಮಾಡ್ತಿದೀಯಲ್ಲ?"

ನ್ಯಾಯವಾದ ಮಾತು. ನೆಸ್ಟರ್ ಕೋಸುಗಳನ್ನು ಹಸುಗೂಸುಗಳಂತೆ ಎದೆಗವಚಿಕೊಂಡು ಇಳಿಸಿದ. ಹೊಟ್ಟೆಯಲ್ಲಿದ್ದ ಪೆರೋಗಿಗಳು ಮೆಟ್ಟಿಲು ಮೆಟ್ಟಿಲಿಗೂ ತಕರಾರು ಎತ್ತಿದವು. ಚಕ್ರ ಕೈಗೆ ಬಂದಾಗ ಸೂರ್ಯ ಪಶ್ಚಿಮಕ್ಕೆ ವಾಲಿದ್ದ. ಆದರೂ ಹೊತ್ತಿತ್ತು.

ಅರ್ಧ ದಾರಿಯಲ್ಲಿ ಎದುರಿಗೆ ರಸ್ತೆಯಗಲದ ಲಾರಿ ಬಂತು. ಮೇಲೆ ಟಾರ್ಪಾಲು ಮುಚ್ಚಿದ ಉದ್ದನೆಯ ಹೇರು. ಯಾರದೋ ತಗಡಿನ ಕಣಜವನ್ನು ಇನ್ನೊಂದು ಹೊಲಕ್ಕೆ ಸಾಗಿಸುತ್ತಿದ್ದಾರೆ ಎಂದುಕೊಂಡ ನೆಸ್ಟರ್, ಊರ ಪದ್ಧತಿಯಂತೆ ಸ್ಟೀರಿಂಗ್ ಮೇಲಿಂದ ಒಂದು ಬೆರಳೆತ್ತಿ ನಮಸ್ಕರಿಸಿ, ಪಕ್ಕಕ್ಕೆ ಸರಿದ. ಸ್ವಲ್ಪ ಹೆಚ್ಚೇ ಸರಿದ. ಗಾಡಿ ಚರಂಡಿಯ ಕೆಸರಿಗಿಳಿದು ಕೂತಿತು.

ಲಾರಿಯವನು ಒಳ್ಳೆಯವನು. ಇಳಿದು, ಸರಪಳಿ ಬಿಗಿದು, ಪಿಕಪ್ಪನ್ನು ಮೇಲಕ್ಕೆಳೆದ.

"ನಿಮ್ಮ ಉಪಕಾರ ಹೇಗೆ ತೀರಿಸ್ಲಿ?" ಎಂದ ನೆಸ್ಟರ್.

"ಅಯ್ಯೋ ಬಿಡಿ ಸ್ವಾಮಿ. ಈ ಟಾರ್ಪಾಲು ಗಾಳಿಗೆ ಬಡ್ಕೊಳ್ತಿದೆ, ಹಗ್ಗ ಗಿಗ್ಗ ಇದ್ರೆ ಕೊಡಿ ಸಾಕು."

ಬೇರೆಯವರ ಹೇರಿನಲ್ಲಿ ಏನಿದೆ ಎಂದು ಕೇಳುವುದು ಮರ್ಯಾದೆಯಲ್ಲ. ನೆಸ್ಟರ್ ಕೇಳಲಿಲ್ಲ. ತನ್ನ ಹೊಸ ಹಗ್ಗವನ್ನೇ ತೆಗೆದು ಗಟ್ಟಿಯಾಗಿ ಬಿಗಿದ. ಇಬ್ಬರೂ ಕೈ ಕುಲುಕಿದರು.

ಶೆಡ್ಡಿನ ಮುಂದೆ ಗಾಡಿ ನಿಲ್ಲಿಸಿ, ಚಕ್ರ ಎತ್ತಿ ಹಿಡಿದು "ಸಿಕ್ತು ಕಣೋ!" ಎಂದು ಕೂಗುತ್ತ ನೆಸ್ಟರ್ ಒಳಗೆ ನುಗ್ಗಿದ. ಒಳಗೆ ಬರಿ ನೆಲವಿತ್ತು. ರೆಕ್ಕೆಗಳು ಒರಗಿದ್ದ ಗೋಡೆ ಬೋಳಾಗಿತ್ತು. ಮರ್ವಿನ್ ಒಂದು ಮೂಲೆಯಲ್ಲಿ ಕಾಫಿ ಲೋಟ ತೊಳೆಯುತ್ತಿದ್ದ.

"ಮ್ಯೂಸಿಯಮ್ಮಿನೋರು ಬೇಗ ಬಂದ್ಬಿಟ್ರು ಕಣೋ," ಎಂದ, ತಲೆಯೆತ್ತದೆ. "ಪಾಪ, ಅಷ್ಟು ದೂರದಿಂದ ಬಂದೋರು. ಕಾಫಿ ಕೊಟ್ಟೆ, ಪೈ ಕೊಟ್ಟೆ. ನೀನು ಬರ್ಲೇ ಇಲ್ಲ. ಇನ್ನೆಷ್ಟು ಅಂತ ಕೂರ್ಸೋದು? ಸಂಕೋಚ ಆಯ್ತು. ‘ಚಕ್ರ ಸಿಕ್ಕಿರಲ್ಲ, ತಗೊಂಡ್ಹೋಗಿ’ ಅಂದ್ಬಿಟ್ಟೆ. ಒಂದು ಕಡೆ ಹಿಡಿದು ಎತ್ತಿಸ್ದೆ ಕೂಡ."

"ಹೊತ್ತು ಇನ್ನೂ ಮುಳುಗಿಲ್ವಲ್ಲೋ ಪಾಪಿ!"

ಮುಳುಗಿರಲಿಲ್ಲ. ಬಾಗಿಲಾಚೆ ಗೋಧಿಯ ಮೇಲೆ ಸೂರ್ಯ ಇನ್ನೂ ಮೊಳದಷ್ಟು ಎತ್ತರದಲ್ಲಿದ್ದ. ಮರ್ವಿನ್ ಕಣ್ಣೊರೆಸಿಕೊಂಡ. "ಬೆನ್ನು ಹತ್ತೋಣ ನಡಿ. ಲಾರಿ ನಿಧಾನ, ಸಿಗ್ತಾರೆ."

ನೆಸ್ಟರ್ ಚಕ್ರವನ್ನು ನೆಲದ ಮೇಲಿಟ್ಟು ಅದರ ಪಕ್ಕ ಕುಕ್ಕರಿಸಿದ. ಕೊಟ್ಟದ್ದನ್ನು ವಾಪಸ್ಸು ಕೇಳುವುದು! ಅದೂ ಈಗಷ್ಟೇ ಚರಂಡಿಯಿಂದ ಎತ್ತಿದವನನ್ನು ಅಡ್ಡಗಟ್ಟಿ! ಅಂಥ ಮಾತಿಗೆ ಅವನ ನಾಲಿಗೆ ಹುಟ್ಟಿದಂದಿನಿಂದ ಹೊರಳಿದ್ದೇ ಇಲ್ಲ. ಅಣ್ಣ ಯುದ್ಧಕ್ಕೆ ಹೊರಟ ದಿನವೂ ನೆಸ್ಟರ್ ಹೀಗೇ ತಡೆಯದೆ ರಸ್ತೆಬದಿಯಲ್ಲಿ ನಿಂತು ಕೈ ಬೀಸಿದ್ದ.

"ಟಾರ್ಪಾಲು ಬೇರೆ ಸಡಿಲ ಇತ್ತು," ಮರ್ವಿನ್ ಗೊಣಗಿದ. "ದಾರೀಲಿ ಎಲ್ಲಾದ್ರೂ ಜಾರಿ ಬಿದ್ಬಿಟ್ರೆ ಏನಪ್ಪಾ ಗತಿ?"

"ಬೀಳಲ್ಲ ಬಿಡು," ಎಂದ ನೆಸ್ಟರ್. "ಗಂಟು ಹಾಕಿದ್ದು ನಾನೇ."